ಹಲಗೆ ನೆನೆಯುವುದಿಲ್ಲ, ನೆಲ ನೆನೆಯುತ್ತದೆ

ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ವಿನೈಲ್ ಹಲಗೆ ಮಾರುವ ಅಂಗಡಿ ಮಾಲಕರಿಗೆ, ಅದನ್ನು ಹಾಸುವ ಮಿಸ್ತ್ರಿಗಳಿಗೆ, ಮನೆ ಕಟ್ಟಿಸಿಕೊಡುವ ಗುತ್ತಿಗೆದಾರರಿಗೆ



ನಿಮ್ಮಲ್ಲಿ ಕೆಲವರ ಕೌಂಟರಿನ ಮೇಲೆ ನೀರು ತುಂಬಿದ ಗಾಜಿನ ಡಬ್ಬಿ ಇರುತ್ತದೆ. ಸಾಗವಾನಿ ಬಣ್ಣದ ಹಲಗೆಯ ತುಂಡೊಂದು ಅದರಲ್ಲಿ ಮುಳುಗಿರುತ್ತದೆ. ಗಿರಾಕಿ ನೀರಿನ ಮಾತು ಎತ್ತಿದ ಕೂಡಲೇ ತುಂಡನ್ನು ತೆಗೆದು, ಒರೆಸಿ, ಅವರ ಕೈಗಿಡುತ್ತೀರಿ: ‘ನೋಡ್ರಿ, ತಿಂಗಳಾಯ್ತು ನೀರಾಗೇ ಅದ, ಏನ್ ಬಿ ಆಗಿಲ್ಲ.’ ಅವರು ಬಗ್ಗಿಸಿ ನೋಡುತ್ತಾರೆ, ಉಗುರಿನಿಂದ ಗೀಚಿ ನೋಡುತ್ತಾರೆ, ಕೋಣೆಯ ಅಳತೆ ಕೊಟ್ಟು ಹೋಗುತ್ತಾರೆ. ನೀವು ತೋರಿಸಿದ್ದು ನಿಜ. ಆ ತುಂಡು ವರ್ಷಗಟ್ಟಲೆ ನೀರಿನಲ್ಲಿದ್ದರೂ ಉಬ್ಬುವುದಿಲ್ಲ, ಕೊಳೆಯುವುದಿಲ್ಲ. ಆದರೆ ಡಬ್ಬಿಯೊಳಗೆ ಹಲಗೆಗೆ ಹಲಗೆ ಸೇರುವ ಸಂದಿಲ್ಲ, ಗೋಡೆಯ ಅಂಚಿಲ್ಲ, ಕೆಳಗೆ ಕಾಂಕ್ರೀಟಿಲ್ಲ, ಕಾಂಕ್ರೀಟಿನ ಕೆಳಗೆ ನಮ್ಮ ಎರಿ ಮಣ್ಣಿಲ್ಲ. ಮನೆಯಲ್ಲಿ ಇವೆಲ್ಲ ಇವೆ, ಮತ್ತು ನೀರಿನ ತೊಂದರೆ ಹುಟ್ಟುವುದು ಇವುಗಳಲ್ಲಿಯೇ.

ನಾನು ಎರಡೂ ಊರುಗಳಲ್ಲಿ ಮನೆಗಳ ನಕ್ಷೆ ಹಾಕಿ ಕೆಲಸ ನೋಡಿಕೊಳ್ಳುವವನು. ನಿಮ್ಮಲ್ಲಿ ಹಲವರ ಜತೆ ದುಡಿದಿದ್ದೇನೆ, ಇನ್ನೂ ದುಡಿಯಬೇಕಿದೆ. ವಿನೈಲ್ ಹಲಗೆಯನ್ನು ನಾನೂ ಹಾಕಿಸುತ್ತೇನೆ, ಅದರ ಮೇಲೆ ನನಗೆ ಹಗೆಯಿಲ್ಲ. ಅದು ಯಾವ ನೆಲಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬುದನ್ನು ಹಣ ಎಣಿಸಿಕೊಳ್ಳುವ ಮೊದಲೇ ಹೇಳಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮಗಳ ಮದುವೆಗೋ ಗೃಹಪ್ರವೇಶಕ್ಕೋ ಸಾಲ ತಂದು ನೆಲ ಹಾಕಿಸಿದವರಿಗೆ ಅದನ್ನು ಕೀಳಿಸಿ ಮತ್ತೊಮ್ಮೆ ಹಾಕಿಸುವ ಶಕ್ತಿ ಇರುವುದಿಲ್ಲ.

ಮೊದಲು ಹಲಗೆಯನ್ನೇ ನೋಡೋಣ, ಏಕೆಂದರೆ ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಮೇಲೊಂದು ತೆಳುವಾದ ಲೇಪ. ಅದರಡಿ ಸವೆತ ತಡೆಯುವ ಪಾರದರ್ಶಕ ಪಿವಿಸಿ ಪದರ. ಮನೆಗೆ ಸಾಮಾನ್ಯವಾಗಿ 0.3 ಮಿಮೀ, ಓಡಾಟ ಹೆಚ್ಚಿರುವ ಕಡೆಗೆ 0.5 ಮಿಮೀ. ಅದರಡಿ ಕಟ್ಟಿಗೆಯ ಚಿತ್ರ ಅಚ್ಚಾದ ಹಾಳೆ, ಆಮೇಲೆ ಗಟ್ಟಿ ತಿರುಳು, ಕೆಲವಕ್ಕೆ ತಳದಲ್ಲಿ ಫೋಮ್. ನೀವು ಎಸ್‌ಪಿಸಿ ಎಂದು ಮಾರುವ ಹಲಗೆಯ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲಿನ ಪುಡಿಯೇ ಇರುತ್ತದೆ, ಉಳಿದದ್ದು ಪಿವಿಸಿ. ನಮ್ಮ ಅಜ್ಜಂದಿರ ಪಡಸಾಲೆಗೆ ಹಾಸಿದ ಶಹಾಬಾದಿನ ಫರಸಿಯೂ ಸುಣ್ಣಕಲ್ಲೇ. ವಾಡಿ, ಸೇಡಮ್ಮಿನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಭೀಮಾ ಕೊಳ್ಳದ ಸುಣ್ಣಕಲ್ಲನ್ನೇ. ಹಲಗೆಯಲ್ಲಿ ಆ ಪುಡಿಯನ್ನು ಪಿವಿಸಿ ಕಟ್ಟಿಹಿಡಿದಿರುವುದರಿಂದ ನೀರು ಒಳಗಿಳಿಯಲು ದಾರಿ ಸಿಗುವುದಿಲ್ಲ. ಡಬ್ಲ್ಯುಪಿಸಿ ಎನ್ನುವುದರ ತಿರುಳು ನೊರೆಗಟ್ಟಿಸಿದ್ದು. ಕಾಲಿಗೆ ಮೆತ್ತಗೆ, ಆದರೆ ಅಲ್ಮಾರಿಯ ಕಾಲಿನಡಿ ಬೇಗ ತಗ್ಗು ಬೀಳುತ್ತದೆ. ನೀರಿನ ಮಟ್ಟಿಗೆ ಎರಡೂ ಗಟ್ಟಿ.

ಇವುಗಳ ಪಕ್ಕದಲ್ಲೇ, ಅದೇ ಅಗಲದ, ಅದೇ ಬಣ್ಣದ, ಅದೇ ಕ್ಲಿಕ್ ಜೋಡಣೆಯ ಇನ್ನೊಂದು ಸರಕು ನಿಮ್ಮ ಅಂಗಡಿಯಲ್ಲಿರುತ್ತದೆ: ಲ್ಯಾಮಿನೇಟ್. ಅದರ ತಿರುಳು ಒತ್ತಿ ಮಾಡಿದ ಕಟ್ಟಿಗೆಯ ನಾರು. ಅಂಚಿಗೆ ನೀರು ಹಿಡಿದರೆ ಉಬ್ಬುತ್ತದೆ, ಉಬ್ಬಿದ್ದು ಒಣಗಿದರೂ ಮೊದಲಿನ ಹಾಗೆ ಕೂಡುವುದಿಲ್ಲ. ಕೆಲವು ಲ್ಯಾಮಿನೇಟ್ ಡಬ್ಬಿಗಳ ಮೇಲೆ 24 ಗಂಟೆ, 72 ಗಂಟೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮೇಲೆ ಚೆಲ್ಲಿದ ನೀರನ್ನು ಅಷ್ಟು ಹೊತ್ತು ತಡೆಯುತ್ತದೆ ಎಂದಷ್ಟೇ ಅದರ ಅರ್ಥ. ಎರಡನ್ನೂ ‘ವುಡನ್ ಫ್ಲೋರಿಂಗ್’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದರ ಗುಣ ಹೇಳಿ ಇನ್ನೊಂದನ್ನು ಕೊಡುವುದು ಮೋಸ. ನಿಮ್ಮಲ್ಲಿ ಬಹುಪಾಲು ಜನ ಹಾಗೆ ಮಾಡುವವರಲ್ಲ ಎಂದು ಬಲ್ಲೆ. ಆದರೂ ಗಿರಾಕಿ ಕೇಳಿದರೆ ಕತ್ತರಿಸಿದ ತುಂಡೊಂದನ್ನು ಮನೆಗೆ ಕಳಿಸಿಕೊಡಿ. ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಅಂಚನ್ನು ಮುಟ್ಟಿ ನೋಡಿದರೆ ಯಾವುದು ಯಾವುದೆಂದು ಅವರಿಗೇ ತಿಳಿಯುತ್ತದೆ.

ಇನ್ನು ಮೇಲಿನಿಂದ ಬೀಳುವ ನೀರು. ಚೆಲ್ಲಿದ ಚಹಾ, ಮಗು ಕೆಡವಿದ ಹಾಲು, ಮಳೆಯಲ್ಲಿ ನೆನೆದು ಬಂದವರ ಕಾಲು, ಇವಕ್ಕೆಲ್ಲ ವಿನೈಲ್ ಹಲಗೆ ಹೆದರುವುದಿಲ್ಲ. ಒರೆಸಿದರೆ ಮುಗಿಯಿತು. ನೀರು ಗಂಟೆಗಟ್ಟಲೆ ನಿಂತಾಗ ಮಾತು ಬೇರೆ. ಕ್ಲಿಕ್ ಜೋಡಣೆ ಎಷ್ಟೇ ಬಿಗಿಯಾಗಿ ಕೂತಿದ್ದರೂ ಅದು ಬೆಸುಗೆಯಲ್ಲ, ನಿಂತ ನೀರು ನಿಧಾನವಾಗಿ ಸಂದಿನಲ್ಲಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ದಾರಿ ಗೋಡೆಯ ಬುಡದಲ್ಲಿದೆ. ಬಿಸಿಲಿಗೆ ಹಲಗೆ ಹಿಗ್ಗಲೆಂದು ಸುತ್ತಲೂ ಆರರಿಂದ ಎಂಟು ಮಿಮೀ ಜಾಗ ಬಿಡಲೇಬೇಕು. ಆ ಜಾಗವನ್ನು ಸ್ಕರ್ಟಿಂಗ್ ಪಟ್ಟಿ ಕಣ್ಣಿಗೆ ಮುಚ್ಚುತ್ತದೆ, ನೀರಿಗೆ ಮುಚ್ಚುವುದಿಲ್ಲ. ಬಾಗಿಲ ಚೌಕಟ್ಟಿನ ಬುಡದಲ್ಲೂ ಇದೇ ಕಥೆ.

ನಮ್ಮ ಮನೆಗಳಲ್ಲಿ ನೆಲವನ್ನು ಒರೆಸುವುದಷ್ಟೇ ಅಲ್ಲ, ತೊಳೆಯುತ್ತೇವೆ. ಉಗಾದಿಗೆ, ಶ್ರಾವಣಕ್ಕೆ, ದೀಪಾವಳಿಗೆ, ಹುಮನಾಬಾದಿನವರಾದರೆ ವೀರಭದ್ರೇಶ್ವರನ ಜಾತ್ರೆಗೆ, ಬಕೆಟ್ಟುಗಟ್ಟಲೆ ನೀರು ಚೆಲ್ಲಿ ಕಸಬರಿಗೆಯಿಂದ ತಳ್ಳಿದರೇನೇ ಮನೆ ಸ್ವಚ್ಛವಾಯಿತು ಎಂಬ ಸಮಾಧಾನ. ಫರಸಿ ಹಾಸುವಾಗ ಗೌಂಡಿ ಮೋರಿಯ ಕಡೆಗೆ ಸ್ವಲ್ಪ ಇಳಿಜಾರು ಕೊಡುತ್ತಿದ್ದದ್ದೇ ಇದಕ್ಕಾಗಿ. ಕ್ಲಿಕ್ ಹಲಗೆಗೆ ನೆಲ ಸಪಾಟಾಗಿರಬೇಕು. ಚೆಲ್ಲಿದ ನೀರು ಹೋಗುವುದಾದರೂ ಎಲ್ಲಿಗೆ? ಗೋಡೆಯ ಬುಡಕ್ಕೆ. ಆದ್ದರಿಂದ ಹಲಗೆ ಹಾಕಿಸುವ ಮನೆಯ ಹೆಣ್ಣುಮಕ್ಕಳ ಹತ್ತಿರ ಮೊದಲೇ ಮಾತಾಡಿ. ಹಣ ಕೊಡುವವರು ಗಂಡಸರಿರಬಹುದು, ನೆಲದ ಜತೆ ದಿನವೂ ಇರುವವರು ಹೆಣ್ಣುಮಕ್ಕಳು. ‘ಅಕ್ಕಾ, ಇದಕ್ಕೆ ಬಕೆಟ್ ನೀರು ಹಾಕಂಗಿಲ್ಲ, ಹಿಂಡಿದ ಅರಿವೆಯಿಂದ ಒರೆಸಬೇಕು’ ಎಂದು ಅವರಿಗೆ ಹೇಳಿ, ಅವರು ಒಪ್ಪದಿದ್ದರೆ ಆ ಮನೆಗೆ ಈ ನೆಲ ಬೇಡ. ಟೈಲ್ಸ್ ತಿಕ್ಕುವ ಆಸಿಡ್, ಬಿಸಿ ಹಬೆಯ ಮಾಪ್, ಬಾಗಿಲಲ್ಲಿ ಹಾಕುವ ರಬ್ಬರ್ ತಳದ ಮ್ಯಾಟ್ ಇವೂ ಬೇಡವೆಂದು ಅದೇ ಉಸಿರಿನಲ್ಲಿ ಹೇಳಿಬಿಡಿ. ರಬ್ಬರಿನ ಕಲೆ ವಿನೈಲಿನೊಳಕ್ಕೆ ಇಳಿದರೆ ಯಾವ ಸೋಪಿಗೂ ಹೋಗುವುದಿಲ್ಲ.

ಕೂಲರ್ ಬಗ್ಗೆ ಬಿಡಿಸಿ ಹೇಳಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೂಲರ್ ಇಲ್ಲದ ಪಡಸಾಲೆ ಅಪರೂಪ. ಐವತ್ತು-ಅರವತ್ತು ಲೀಟರ್ ಹಿಡಿಯುವ ಟಾಂಕಿ, ಕೊಡದಿಂದಲೋ ಪೈಪಿನಿಂದಲೋ ತುಂಬುವಾಗ ಹೊರಚೆಲ್ಲುವ ನೀರು, ಪಂಪಿನ ಬಳಿ ಹನಿಯುವ ನೀರು, ಹುಲ್ಲಿನ ಚಾಪೆಯಿಂದ ಸಿಡಿಯುವ ನೀರು. ಕೂಲರನ್ನು ಇಡುವುದು ಕಿಟಕಿಯ ಪಕ್ಕ, ಅಂದರೆ ಗೋಡೆಯ ಅಂಚಿಗೇ. ಎರಡು ತಿಂಗಳು ಅದನ್ನು ಯಾರೂ ಸರಿಸುವುದಿಲ್ಲ. ಮಳೆಗಾಲ ಹಿಡಿದು ಕೂಲರ್ ಎತ್ತಿದಾಗ ಕೆಳಗಿನ ಹಲಗೆ ನೋಡಲು ಚೆನ್ನಾಗಿಯೇ ಇರುತ್ತದೆ. ತೆಗೆದು ನೋಡಿದರೆ ಅಡಿಯ ಫೋಮ್ ಕಪ್ಪಗಾಗಿ ಬೂಸು ಹಿಡಿದಿರುತ್ತದೆ. ಇಂತಹ ಫೋಮನ್ನು ನಾನು ಕೈಯಾರೆ ಕಿತ್ತಿದ್ದೇನೆ. ಕೂಲರಿನಡಿ ಅಂಚು ಎತ್ತರಿಸಿದ ತಟ್ಟೆ ಇಡಿಸಿ, ಗಾಲಿ ಹಚ್ಚಿದ ಸ್ಟ್ಯಾಂಡ್ ಕೊಡಿಸಿ, ಆ ಗೋಡೆಯ ಬುಡಕ್ಕೆ ಸಿಲಿಕಾನ್ ತುಂಬಿಸಿ. ಫ್ರಿಜ್, ನೀರಿನ ಫಿಲ್ಟರ್, ಬಟ್ಟೆ ಒಗೆಯುವ ಮಷೀನ್ ಇರುವ ಕಡೆಯೂ ಇಷ್ಟೇ ಕಾಳಜಿ ಬೇಕು.

ಆದರೂ ಮೇಲಿನ ನೀರು ಕಣ್ಣಿಗೆ ಕಾಣುತ್ತದೆ, ಎಚ್ಚರ ಹೇಳಿದರೆ ತಡೆಯಬಹುದು. ನನ್ನ ಹೆಚ್ಚಿನ ಚಿಂತೆ ಕೆಳಗಿನ ನೀರಿನದು.

ಬೀದರ ಜಿಲ್ಲೆಯ ನೆಲ ಬಲ್ಲವರಿಗೆ ಇದು ಗೊತ್ತು: ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆ, ತಗ್ಗಿನಲ್ಲಿ ಕರಿ ಎರಿ. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಮಳೆನೀರನ್ನು ಒಳಕ್ಕೆ ಬಿಟ್ಟುಕೊಂಡು, ಕೆಳಗಿನ ಕಪ್ಪು ಬಂಡೆ ಅಡ್ಡ ಬಂದಲ್ಲಿ ಅದರ ಮೇಲೆ ಹರಿಯಗೊಡುತ್ತದೆ. ಬಹಮನಿಗಳ ಕಾಲದಲ್ಲಿ ಬೀದರದ ನೌಬಾದಿನಲ್ಲಿ ಕಾರೇಜ್ ತೋಡಿದವರು ನೆಲದೊಳಗಿನ ಈ ಹರಿವನ್ನೇ ಸುರಂಗದಲ್ಲಿ ಹಿಡಿದು ಊರಿಗೆ ತಂದರು. ಎರಿ ಮಣ್ಣಿನದು ಇನ್ನೊಂದು ಸ್ವಭಾವ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ನಿಂತ ಮೇಲೂ ಬಹುಕಾಲ ಹಸಿಯನ್ನು ಬಿಟ್ಟುಕೊಡುವುದಿಲ್ಲ. ಹಿಂಗಾರಿ ಜೋಳ ಬೆಳೆಯುವುದೇ ಆ ಹಸಿಯ ಮೇಲೆ. ಹೊಲಕ್ಕೆ ಅದು ವರ. ಮನೆಯ ತಳಪಾಯದಡಿ ಅದೇ ಹಸಿ ಮೇಲಕ್ಕೆ ಏರುತ್ತದೆ.

ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮಣ್ಣಿನ ಹಸಿ ಅವುಗಳ ಮೂಲಕ ನೀರಾಗಿಯೂ ಆವಿಯಾಗಿಯೂ ಮೇಲೆ ಬರುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಸಾರಿಸಿದ ನೆಲವಾಗಲಿ, ಸುಣ್ಣದ ಗಾರೆಯಲ್ಲಿ ಕೂಡಿಸಿದ ಫರಸಿಯಾಗಲಿ ಈ ಆವಿಗೆ ದಾರಿ ಬಿಡುತ್ತಿದ್ದವು. ಆಷಾಢದಲ್ಲಿ ಫರಸಿ ಬೆವರುತ್ತದೆ ಎನ್ನುತ್ತೇವಲ್ಲ, ಅದರಲ್ಲಿ ಒಂದಷ್ಟು ಗಾಳಿಯ ತೇವವೇ ತಣ್ಣನೆಯ ಕಲ್ಲಿನ ಮೇಲೆ ಹನಿಗಟ್ಟಿದ್ದು. ಇನ್ನೊಂದಷ್ಟು ಸಂದುಗಳಿಂದ ಏರಿ ಬಂದದ್ದು. ಏನೇ ಇರಲಿ, ಬಂದದ್ದು ಆರಿ ಹೋಗುತ್ತಿತ್ತು. ವಿನೈಲ್ ಹಲಗೆ ಹಾಸುವುದೆಂದರೆ ಕಾದ ಹಂಡೆಗೆ ಮುಚ್ಚಳ ಹಾಕಿದಂತೆ. ಕೆಳಗಿನಿಂದ ಬರುವ ಆವಿ ನಿಲ್ಲುವುದಿಲ್ಲ, ಹೊರಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಹಲಗೆಯ ಅಡಿಯಲ್ಲಿ ತೇವ ಕೂಡುತ್ತ ಹೋಗುತ್ತದೆ, ಆ ತೇವದಲ್ಲಿ ಸಿಮೆಂಟಿನ ಕ್ಷಾರವೂ ಬೆರೆತಿರುತ್ತದೆ. ಅಂಟು ಹಚ್ಚಿ ಕೂಡಿಸಿದ ನೆಲವಾದರೆ ಅಂಟು ಮೆತ್ತಗಾಗಿ ಸಂದಿನಿಂದ ಉಕ್ಕುತ್ತದೆ, ಹಲಗೆ ಸರಿಯುತ್ತದೆ, ತುದಿ ಏಳುತ್ತದೆ. ಕ್ಲಿಕ್ ನೆಲವಾದರೆ ಮೊದಲು ವಾಸನೆ, ಆಮೇಲೆ ಬೂಸು, ಸಂದಿನಲ್ಲಿ ಬಿಳಿ ಉಪ್ಪು, ಬಾಗಿಲ ಚೌಕಟ್ಟಿನ ಬುಡದಲ್ಲಿ ಕಟ್ಟಿಗೆ ಉಬ್ಬುವುದು. ಇಷ್ಟೆಲ್ಲ ಆದ ಮೇಲೂ ಹಲಗೆಯನ್ನು ಕೈಗೆತ್ತಿಕೊಂಡು ನೋಡಿದರೆ ಅದಕ್ಕೆ ಏನೂ ಆಗಿರುವುದಿಲ್ಲ! ಗಿರಾಕಿ ಬಂದು ದೂರುತ್ತಾರೆ, ನೀವು ‘ಮಾಲು ಸರಿಯಾಗೇ ಅದ’ ಎನ್ನುತ್ತೀರಿ. ಇಬ್ಬರೂ ಹೇಳುವುದು ನಿಜ, ನಷ್ಟವನ್ನು ಮಾತ್ರ ಮನೆಯವರು ಹೊರುತ್ತಾರೆ.

ಇದಕ್ಕೆ ಮದ್ದು ಇದೆ, ಅಗ್ಗದ್ದೂ ಹೌದು, ಆದರೆ ಅದು ಹಲಗೆ ಹಾಸುವ ಮೊದಲು ಮಾಡುವಂಥದ್ದು. ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಬರಿ ಕಾಂಕ್ರೀಟಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಹಚ್ಚಿ, ಕಡಿಮೆಯೆಂದರೆ 16 ಗಂಟೆ ಬಿಡಬೇಕು. ನಾನಾದರೆ ಮೂರು ದಿನ ಬಿಡಿಸುತ್ತೇನೆ. ಒಂದಲ್ಲ, ಕೋಣೆಗೆ ಎರಡು ಹಾಳೆ. ಒಂದು ನಡುವೆ, ಒಂದು ಹೊರಗೋಡೆಯ ಪಕ್ಕ. ತೆಗೆದಾಗ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಹಾಳೆಯಡಿಯ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಆ ನೆಲ ಇನ್ನೂ ತಯಾರಿಲ್ಲ. ಹನಿ ಕಾಣದಿದ್ದರೆ ನೆಲ ಪೂರ್ತಿ ಒಣಗಿದೆ ಎಂದು ಆಣೆ ಇಡಲಾಗದು. ಆದರೆ ಹನಿ ಕಂಡ ಮೇಲೂ ಹಾಸುವುದು ಅಪರಾಧ. ದೊಡ್ಡ ಕೆಲಸವಾದರೆ ಕಾಂಕ್ರೀಟಿನಲ್ಲಿ ಅದರ ದಪ್ಪದ ಶೇಕಡ 40ರಷ್ಟು ಆಳಕ್ಕೆ ತೂತು ಕೊರೆದು ಒಳಗಿನ ತೇವವನ್ನು ಅಳೆಯುವ ಉಪಕರಣವಿದೆ. ತೇವ ಎಷ್ಟಿದ್ದರೆ ನಡೆಯುತ್ತದೆ ಎಂಬುದನ್ನು ತಯಾರಕರು ತಮ್ಮ ಕಾಗದದಲ್ಲಿ ಕೊಟ್ಟಿರುತ್ತಾರೆ.

ಪರೀಕ್ಷೆ ಯಾವಾಗ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಮನೆಗಳು ಮುಗಿಯುವುದು ಬೇಸಿಗೆಯಲ್ಲಿ, ಗೃಹಪ್ರವೇಶವೂ ಅಕ್ಷಯ ತದಿಗೆಯ ಆಸುಪಾಸು. ಆಗ ಎರಿ ಭೂಮಿ ಬಿರಿದು ಬೂದಿಯಾಗಿರುತ್ತದೆ, ಹಾಳೆಯಡಿ ಒಂದು ಹನಿಯೂ ಮೂಡುವುದಿಲ್ಲ. ಮೇ ತಿಂಗಳ ಆ ಫಲಿತಾಂಶವನ್ನು ನಂಬಿ ಹಾಸಿದ ನೆಲ ಶ್ರಾವಣದಲ್ಲಿ ವಾಸನೆ ಹೊಡೆಯತೊಡಗುತ್ತದೆ. ನೆಲಮಹಡಿಯ ಮನೆಯಾದರೆ, ವಿಶೇಷವಾಗಿ ಎರಿಯ ಮೇಲಿನ ಮನೆಯಾದರೆ, ಒಂದು ಮಳೆಗಾಲ ಕಳೆಯಲಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ಪರೀಕ್ಷೆ ಮಾಡಿ, ದೀಪಾವಳಿಗೆ ಹಾಸಿ. ಹೊಸ ಕಾಂಕ್ರೀಟಿಗೆ ತನ್ನದೇ ನೀರೂ ಇರುತ್ತದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಬೇಕು ಎಂಬುದು ಈ ಕಸುಬಿನವರ ಲೆಕ್ಕ, ನಾಲ್ಕು ಇಂಚಿಗೆ ನಾಲ್ಕು ತಿಂಗಳು, ಅದೂ ಹವೆ ಒಣಗಿದ್ದಾಗ. ಕ್ಯೂರಿಂಗ್ ನಿಲ್ಲಿಸಿ ಮೂರು ವಾರಕ್ಕೆ ಹಲಗೆ ಹಾಸುವ ಆತುರವನ್ನು ಗುತ್ತಿಗೆದಾರರು ಬಿಡಬೇಕು.

ಹೊಸದಾಗಿ ಅಡಿಪಾಯ ಹಾಕುತ್ತಿರುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಪ್ಲಿಂತಿನೊಳಗಿನ ಎರಿ ಮಣ್ಣನ್ನು ತೆಗೆಸಿ ಮುರುಮ ತುಂಬಿಸಿ. ಅದರ ಮೇಲೆ ದಪ್ಪ ಖಡಿಯ ಒಂದು ಪದರ ಇರಲಿ. ಖಡಿಗಳ ನಡುವಿನ ಜಾಗ ದೊಡ್ಡದಾದ್ದರಿಂದ ಹಸಿ ಅದನ್ನು ದಾಟಿ ಮೇಲೇರುವುದಿಲ್ಲ. ಅದರ ಮೇಲೆ 0.15 ಮಿಮೀಗಿಂತ ಕಡಿಮೆಯಿಲ್ಲದ ಪಾಲಿಥೀನ್ ಹಾಳೆ, ತುದಿಗಳನ್ನು ಒಂದರ ಮೇಲೊಂದು ಹಾಯಿಸಿ ಟೇಪ್ ಹಚ್ಚಿದ್ದು, ಆಮೇಲೆ ಕಾಂಕ್ರೀಟು. ಗೋಡೆಗೆ ಪ್ಲಿಂತ್ ಮಟ್ಟದಲ್ಲಿ ಹಸಿ ತಡೆಯುವ ಪಟ್ಟಿ. ಇವಕ್ಕೆ ಆಗುವ ಖರ್ಚು ಒಂದು ಕೋಣೆಯ ಹಲಗೆಯ ಖರ್ಚಿನ ಮುಂದೆ ದೊಡ್ಡದಲ್ಲ. ಪ್ಲಿಂತಿನ ಎತ್ತರವನ್ನು ಲೆಕ್ಕ ಹಾಕುವಾಗ ಇಂದಿನ ರಸ್ತೆಯನ್ನು ನೋಡಬೇಡಿ. ಓಣಿಯಲ್ಲಿ ಸಿಸಿ ರಸ್ತೆ ಮಾಡುವಾಗ ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾರೆ, ಪ್ರತಿ ಸಲವೂ ಮನೆಗಳು ಅಷ್ಟು ತಗ್ಗಿಗೆ ಬೀಳುತ್ತವೆ. ಎರಡೂ ಊರುಗಳ ಹಳೆಯ ಓಣಿಗಳಲ್ಲಿ ಹೊಸ್ತಿಲಿಗಿಂತ ರಸ್ತೆಯೇ ಎತ್ತರವಾಗಿರುವ ಮನೆಗಳಿವೆ. ಅಂಥ ಮನೆಯ ಒಳಕೋಣೆಗೆ ವಿನೈಲ್ ಹಲಗೆ ಕೇಳಿಕೊಂಡು ಬಂದವರಿಗೆ ಬೇಡವೆನ್ನುವ ಧೈರ್ಯ ನಿಮಗಿರಲಿ. ಅಲ್ಲಿರುವ ಫರಸಿಯನ್ನು ಉಳಿಸಿ, ಸಂದು ತುಂಬಿಸಿ, ಪಾಲಿಶ್ ಹೊಡೆಸಿಕೊಟ್ಟರೆ ಅದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಆ ಕೆಲಸದಲ್ಲೂ ನಿಮಗೆ ಕೂಲಿ ಸಿಗುತ್ತದೆ.

ಬಚ್ಚಲಿನ ಮಾತು ಬೇಗ ಮುಗಿಸುತ್ತೇನೆ: ಹಾಕಬೇಡಿ. ಬೇರೆ ದೇಶಗಳ ಚಿತ್ರಗಳಲ್ಲಿ ಸ್ನಾನದ ಕೋಣೆಗೂ ಈ ಹಲಗೆ ಹಾಕಿರುವುದನ್ನು ಗಿರಾಕಿ ಮೊಬೈಲಿನಲ್ಲಿ ತೋರಿಸುತ್ತಾರೆ. ಅಲ್ಲಿ ನೀರು ಬೀಳುವುದು ತೊಟ್ಟಿಯೊಳಗೆ ಅಥವಾ ಗಾಜಿನ ಗೂಡಿನೊಳಗೆ, ನೆಲ ಒಣಗಿಯೇ ಇರುತ್ತದೆ. ನಾವು ಬಕೆಟ್ಟು, ಚಂಬು ಇಟ್ಟುಕೊಂಡು ಇಡೀ ನೆಲಕ್ಕೆ ನೀರು ಹುಯ್ದುಕೊಂಡು ಮೀಯುವವರು. ಕೆಳಗೆ ಇಳಿದ ನೀರನ್ನು ಹಲಗೆ ಹಿಡಿದಿಟ್ಟುಕೊಳ್ಳುತ್ತದೆ, ಅದು ಗೋಡೆ ಹತ್ತಿ ಪಕ್ಕದ ಕೋಣೆಯ ಗಿಲಾವನ್ನು ಉದುರಿಸುತ್ತದೆ. ವಿನೈಲ್ ಹಲಗೆ ನೀರು ತಡೆಯುತ್ತದೆ ಎಂಬುದನ್ನು ವಾಟರ್‌ಪ್ರೂಫಿಂಗ್ ಕೆಲಸಕ್ಕೆ ಬದಲಿ ಎಂದು ಯಾರೂ ತಿಳಿಯಬಾರದು.

ಬೇರೆ ದೇಶಗಳ ಮಾತು ಬಂದಿತು. ಪಿವಿಸಿಯನ್ನು ಮೆತ್ತಗೆ ಬಗ್ಗುವ ಹಾಗೆ ಮಾಡಿದವರು ವಾಲ್ಡೊ ಸೆಮನ್, 1926ರಲ್ಲಿ, ಅಮೆರಿಕದ ಒಹಾಯೊದಲ್ಲಿ. 1933ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ವಿನೈಲ್ ನೆಲವನ್ನು ಜನ ಕಂಡರು. ಅಂದಿನಿಂದ ಅದು ಬೆಳೆದದ್ದು ಹೆಚ್ಚಾಗಿ ವರ್ಷವಿಡೀ ಒಂದೇ ಹದದ ಬಿಸಿ ಕಾಪಾಡುವ, ಒದ್ದೆ ಬಟ್ಟೆಯಲ್ಲಿ ಒರೆಸುವ ಮನೆಗಳಲ್ಲಿ. ಡಬ್ಬಿಯೊಳಗಿನ ಕಾಗದವೂ ಆ ಮನೆಗಳನ್ನು ನೆನೆದು ಬರೆದದ್ದು. ಕೋಣೆಯ ಬಿಸಿ 18ರಿಂದ 29 ಡಿಗ್ರಿ ಇರಲಿ ಎಂದು ಹಲವು ತಯಾರಕರು ಬರೆದಿರುತ್ತಾರೆ. ನಮ್ಮ ಮೇ ತಿಂಗಳಲ್ಲಿ, ಪಶ್ಚಿಮದ ಕಿಟಕಿಯ ಬಿಸಿಲು ನೆಲಕ್ಕೆ ಬೀಳುವ, ಬೀಗ ಹಾಕಿದ ಕೋಣೆಯಲ್ಲಿ ಅದು ಹೇಗೆ ಸಾಧ್ಯ? ಹಲಗೆ ಹಿಗ್ಗುತ್ತದೆ, ಅಂಚಿನಲ್ಲಿ ಜಾಗ ಬಿಡದಿದ್ದರೆ ನಡುವೆ ಗುಡ್ಡ ಏಳುತ್ತದೆ. ಕೋಣೆಯ ಎರಡೂ ತುದಿಯಲ್ಲಿ ಕಬ್ಬಿಣದ ಅಲ್ಮಾರಿ ಕೂತು ಅದುಮಿದ್ದರೂ ಹೀಗೆಯೇ. ಸಂದು ಬಾಯಿ ಬಿಟ್ಟ ಮೇಲೆ ನೀರು ತಡೆಯುವ ಮಾತು ಅಲ್ಲಿಗೇ ಮುಗಿಯಿತು. ಬಿಸಿಲು ಬೀಳುವ ಕಿಟಕಿಗೆ ಪರದೆ ಹಾಕಿಸುವುದೂ ನೆಲ ಹಾಸುವ ಕೆಲಸದ ಭಾಗ ಎಂದುಕೊಳ್ಳಿ.

ಅದೇ ಕಾಗದದ ಕೊನೆಯ ಪುಟದಲ್ಲಿ ವಾರಂಟಿಯ ಷರತ್ತುಗಳು ಸಣ್ಣಕ್ಷರದಲ್ಲಿರುತ್ತವೆ. ನೀರಿಗೆ ವಾರಂಟಿ ಎಂದರೆ ಸಾಮಾನ್ಯವಾಗಿ ಮೇಲೆ ಚೆಲ್ಲಿ, ಹೊತ್ತಿಗೆ ಒರೆಸಿದ ನೀರಿಗೆ. ನೆರೆಗೆ ಇಲ್ಲ, ಪೈಪ್ ಒಡೆದದ್ದಕ್ಕೆ ಇಲ್ಲ, ಕಾಂಕ್ರೀಟಿನಡಿಯಿಂದ ಏರಿದ ಹಸಿಗೆ ಇಲ್ಲ. 2020ರ ಅಕ್ಟೋಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸುರಿದ ಮಳೆಯನ್ನು, ಭೀಮೆಯ ನೆರೆಯನ್ನು ನೆನೆಸಿಕೊಳ್ಳಿ. ಅಂಥ ನೀರು ಮನೆ ಹೊಕ್ಕರೆ ಯಾವ ಕಂಪನಿಯೂ ಬರುವುದಿಲ್ಲ. ಆದರೆ ಇಲ್ಲಿ ಕ್ಲಿಕ್ ಹಲಗೆಗೆ ಒಂದು ಉಪಕಾರದ ಗುಣವಿದೆ. ಬೇಗನೆ ಒಂದು ತುದಿಯಿಂದ ಬಿಚ್ಚಿ, ಕ್ರಮಸಂಖ್ಯೆ ಬರೆದು, ತೊಳೆದು ಒಣಗಿಸಿ, ಕಾಂಕ್ರೀಟು ಪೂರ್ತಿ ಆರಿದ ಮೇಲೆ ಅದೇ ಹಲಗೆಯನ್ನು ಮತ್ತೆ ಕೂಡಿಸಬಹುದು. ಕೊಳಚೆ ನೀರು ಕುಡಿದ ಫೋಮನ್ನು ಮಾತ್ರ ಎಸೆಯಲೇಬೇಕು. ಅಂಟು ಹಚ್ಚಿದ ನೆಲಕ್ಕೆ ಈ ಭಾಗ್ಯವಿಲ್ಲ. ಮಿಸ್ತ್ರಿಗಳೇ, ಬಿಚ್ಚುವ ಈ ಕೆಲಸವನ್ನು ಮನೆಯ ಹುಡುಗರಿಗೆ ಒಮ್ಮೆ ತೋರಿಸಿಕೊಟ್ಟು ಬನ್ನಿ, ಒಂದು ಡಬ್ಬಿ ಹೆಚ್ಚಿನ ಹಲಗೆಯನ್ನು ಅವರ ಅಟ್ಟದಲ್ಲಿಡಿಸಿ.

ನಿಮ್ಮ ಕೈಕೆಲಸದ ಬಗ್ಗೆ ಎರಡು ಮಾತು. ಹತ್ತು ಅಡಿಯ ಪಟ್ಟಿ ಇಟ್ಟು ನೋಡಿದಾಗ ನೆಲದ ಏರುತಗ್ಗು ಐದು ಮಿಮೀ ಮೀರಬಾರದು. ಹಳೆಯ ಫರಸಿ, ಮೊಸಾಯಿಕ್ ಮೇಲೆ ನೇರವಾಗಿ ಹಾಸಿದರೆ ತಗ್ಗಿದ್ದಲ್ಲಿ ಹಲಗೆ ಕಾಲಿಟ್ಟಾಗಲೆಲ್ಲ ಬಗ್ಗಿ, ಕ್ಲಿಕ್ಕಿನ ತುಟಿ ಮುರಿಯುತ್ತದೆ, ಆ ಸಂದಿನಿಂದ ನೀರು ಇಳಿಯುತ್ತದೆ. ತಗ್ಗನ್ನು ತುಂಬಲು ಸಿಮೆಂಟ್ ಆಧಾರದ ಲೆವೆಲಿಂಗ್ ಮಿಶ್ರಣವೇ ಬೇಕು. ಗೋಡೆಗೆ ಹಚ್ಚುವ ಪುಟ್ಟಿ ಹಸಿಗೆ ಮೆತ್ತಗಾಗುತ್ತದೆ. ನಡೆದರೆ ಮೆತ್ತಗಿರಲಿ ಎಂದು ಎರಡು ಪದರ ಫೋಮ್ ಹಾಕುವುದೂ ಕ್ಲಿಕ್ಕನ್ನು ಮುರಿಯುವ ದಾರಿಯೇ. ಇದೆಲ್ಲ ನಿಮಗೆ ಗೊತ್ತಿಲ್ಲ ಎಂದಲ್ಲ. ಚದರಡಿ ಲೆಕ್ಕದಲ್ಲಿ ಕೂಲಿ ಕೊಟ್ಟು ಎರಡೇ ದಿನದಲ್ಲಿ ಮುಗಿಸು ಎನ್ನುವ ಮಾಲಕರ ಮುಂದೆ ಪರೀಕ್ಷೆ, ಸಪಾಟು ಮಾಡುವುದು ಎಲ್ಲಾ ಹೊಟ್ಟೆಯ ಮೇಲಿನ ಹೊಡೆತವಾಗುತ್ತದೆ. ಅದಕ್ಕೇ ನೆಲ ಪರೀಕ್ಷೆಗೆ, ಲೆವೆಲ್ ಮಾಡುವುದಕ್ಕೆ ಬೇರೆಯೇ ಕೂಲಿ ಹಾಕಿ, ಅಂದಾಜುಪಟ್ಟಿಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ. ಕೊಡಬೇಕಾದದ್ದು ಮನೆಯವರ ಧರ್ಮ, ಆ ಮಾತನ್ನು ನಾನು ಹೋದ ಕಡೆಯೆಲ್ಲ ಅವರಿಗೂ ಹೇಳುತ್ತಿದ್ದೇನೆ.

ಎಲ್ಲಿ ಹಾಕಬೇಕೆಂದು ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಮೊದಲ ಮಹಡಿಯ ಮಲಗುವ ಕೋಣೆಗೆ ಇದಕ್ಕಿಂತ ಅನುಕೂಲದ್ದು ಕಡಿಮೆ. ಕೆಳಗೆ ಮಣ್ಣಿಲ್ಲ, ಹಸಿ ಏರುವುದಿಲ್ಲ, ಛತ್ತು ಸೋರದಿದ್ದರೆ ಸಾಕು. ಗ್ರಾನೈಟಿನ ಹಾಗೆ ಸ್ಲ್ಯಾಬಿಗೆ ಭಾರವಿಲ್ಲ. ಬೀದರ ಸೀಮೆಯ ಮಾರ್ಗಶಿರದ ಚಳಿಯಲ್ಲಿ ಮೊಣಕಾಲು ನೋವಿನ ಹಿರಿಯರು ಬೆಳಗಿನ ಜಾವ ಎದ್ದು ಫರಸಿಯ ಮೇಲೆ ಕಾಲಿಡಲಾಗದೆ ಒದ್ದಾಡುವುದನ್ನು ನೋಡಿದವರಿಗೆ ಈ ನೆಲದ ಸುಖ ಗೊತ್ತು. ಮಕ್ಕಳ ಓದುವ ಕೋಣೆ, ಟೇಲರಿಂಗ್ ಅಂಗಡಿ, ಮಹಡಿಯ ಮೇಲಿನ ಬಾಡಿಗೆ ಮನೆ, ಇಲ್ಲೆಲ್ಲ ಹಾಕಿ. ಅಡುಗೆಮನೆಗೆ ಹಾಕುವುದಾದರೆ ಸಿಂಕಿನ ಕಡೆಯ ಅಂಚಿಗೆ ಸಿಲಿಕಾನ್ ತಪ್ಪಿಸಬೇಡಿ. ದೇವರ ಕೋಣೆಗೆ ನಾನು ಹಾಕಿಸುವುದಿಲ್ಲ. ಧೂಪದ ಕೆಂಡ ಒಂದು ಬಿದ್ದರೂ ಪಿವಿಸಿ ಸುಟ್ಟು ಗುರುತು ಉಳಿಯುತ್ತದೆ.

ಕೊನೆಗೆ ಬಿಲ್ಲಿನ ವಿಷಯ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಮಾರುವವರ ಹೊಣೆಯನ್ನೂ ಹೇಳಿದೆ. ತಯಾರಕರ ವಾರಂಟಿಗೆ ಹೊರತಾಗಿ ಅಂಗಡಿಯವರು ತಾವೇ ಸ್ಪಷ್ಟವಾಗಿ ಭರವಸೆ ಕೊಟ್ಟು, ಸರಕು ಅದಕ್ಕೆ ತಕ್ಕಂತೆ ಇರದೆ ಗಿರಾಕಿಗೆ ಹಾನಿಯಾದರೆ ಹೊಣೆ ಅವರ ಮೇಲೂ ಬರುತ್ತದೆ. ‘ಎಷ್ಟು ನೀರು ಬಂದರೂ ಏನೂ ಆಗಲ್ಲ, ನಾನು ಗ್ಯಾರಂಟಿ’ ಎನ್ನುವ ಮೊದಲು ಇದನ್ನು ನೆನೆಯಿರಿ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ನಿಮ್ಮ ಹೆಸರು ಉಳಿಯಲೆಂದು ಹೇಳುತ್ತಿದ್ದೇನೆ. ಬಿಲ್ಲಿನ ಹಿಂಬದಿಯಲ್ಲಿ ಐದಾರು ಸಾಲು ಅಚ್ಚು ಹಾಕಿಸಿ, ಕನ್ನಡದಲ್ಲಿ, ನಮ್ಮ ಗಿರಾಕಿಗಳಿಗೆ ಬೇಕಾದ ಮರಾಠಿ-ಉರ್ದುವಿನಲ್ಲೂ: ಹಲಗೆಯ ತಿರುಳು ಯಾವುದು, ಸವೆತದ ಪದರ ಎಷ್ಟು, ನೆಲದ ಹಸಿಯ ಪರೀಕ್ಷೆ ಯಾವ ತಾರೀಖಿಗೆ ಆಯಿತು, ಏನು ಕಂಡಿತು, ಯಾವ ನೀರಿಗೆ ವಾರಂಟಿ ಇದೆ, ಯಾವುದಕ್ಕೆ ಇಲ್ಲ. ಇಬ್ಬರೂ ಸಹಿ ಹಾಕಿ. ಮಳೆಗಾಲದಲ್ಲಿ ಜಗಳ ಬಂದರೆ ಆ ಕಾಗದವೇ ನಿಮ್ಮನ್ನೂ ಕಾಯುತ್ತದೆ, ಮನೆಯವರನ್ನೂ ಕಾಯುತ್ತದೆ.

ಅಂಥ ಕಾಗದದ ಒಂದು ಕರಡನ್ನು ಬರೆದಿಟ್ಟಿದ್ದೇನೆ. ಬೇಕಾದವರು ಕೇಳಿ ಪಡೆದುಕೊಳ್ಳಿ, ನಿಮ್ಮ ಅನುಭವದಲ್ಲಿ ತಪ್ಪೆನಿಸಿದ್ದನ್ನು ತಿದ್ದಿ. ಮೊದಲ ಸಲ ಪಾಲಿಥೀನ್ ಪರೀಕ್ಷೆ ಮಾಡುವವರಿಗೆ ಸಂಶಯ ಬಂದರೆ ಹಾಳೆ ಬಿಚ್ಚುವ ದಿನ ತಿಳಿಸಿ. ಕಲ್ಯಾಣವಾಗಲಿ ಹುಮನಾಬಾದಾಗಲಿ, ಬಂದು ಜತೆಗೆ ನೋಡುತ್ತೇನೆ, ಅದಕ್ಕೆ ಫೀಸು ಬೇಡ.

ಇಂತಿ ನಿಮ್ಮವನು,
ಹುಮನಾಬಾದಿನ ಒಬ್ಬ ಸಿವಿಲ್ ಇಂಜಿನಿಯರ್